ಗೌಡರ ಕಿತ್ತಳೆ ಪುಡಿ ಮತ್ತು ಭಾವನ ಸುಣ್ಣ

ಕಳೆದ ಗುರುವಾರ ಅರಸೀಕೆರೆಯಲ್ಲಿ, ನಮ್ಮ ಭಾವನ ಮನೆ ಜಗುಲಿಯ ಮೇಲೆ, ಒಂದು ಚಿಟಿಕೆ ಪುಡಿ ಕೆಂಪಾಯಿತು. ಅದರ ಹಿಂದೆಯೇ ಭಾವನ ಮುಖವೂ ಕೆಂಪಾಯಿತು.

ಭಾವನಿಗೆ ಸ್ಟೇಷನ್ ರಸ್ತೆಯಲ್ಲಿ ಔಷಧದ ಅಂಗಡಿ. ಈಚೆಗೆ ಅವರಿಗೆ ಹಿಡಿದಿರುವ ಹುಚ್ಚು ಕಿತ್ತಳೆ ಸಿಪ್ಪೆಯ ಪುಡಿಯದು. ಸಿಪ್ಪೆಯಲ್ಲಿರುವ ಹಳದಿ ಸತ್ವ ರಕ್ತನಾಳಗಳಿಗೆ ಒಳ್ಳೆಯದು, ವಸಡಿನಲ್ಲಿ ರಕ್ತ ಬರುವವರಿಗೆ ಕೊಡಬಹುದು ಎಂದು ಹಾಸನದ ಡಾಕ್ಟರೊಬ್ಬರು ಹೇಳಿದ್ದರಂತೆ. (ಅದಕ್ಕೊಂದು ವೈಟಮಿನ್ ಹೆಸರೂ ಇದೆ. ಈಗ ಯಾವುದಕ್ಕಿಲ್ಲ ಹೇಳಿ?) ಪುಡಿ ಶುದ್ಧವಾಗಿದ್ದರೆ ತಮ್ಮ ರೋಗಿಗಳಿಗೆಲ್ಲ ಭಾವನ ಅಂಗಡಿಯದನ್ನೇ ಬರೆದುಕೊಡಲು ಒಪ್ಪಿದ್ದರು. ಮೊದಲ ಡಬ್ಬಿ ಸೋಮವಾರ ಅವರ ಕೈ ಸೇರಬೇಕಿತ್ತು.

ಹಾಗಾಗಿ ಪರೀಕ್ಷೆಯೋ ಪರೀಕ್ಷೆ. ಬಾಣಾವರದಿಂದ ಬಂದ ಸ್ಯಾಂಪಲ್ಲಿಗೆ ಮುಗ್ಗಲು ವಾಸನೆ, ಫೇಲ್. ಇನ್ನೊಂದರಲ್ಲಿ ಕಹಿಯೇ ಇಲ್ಲ, ಅದೂ ಫೇಲ್. ಪಾಸಾದದ್ದು ಬಿಕ್ಕೋಡಿನ ಪುಟ್ಟೇಗೌಡರದ್ದು ಮಾತ್ರ. ಕಾಫಿ ತೋಟದ ನಡುವೆ ಬೆಳೆದ ಕಿತ್ತಳೆ, ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ ಮನೆಯಲ್ಲೇ ಕುಟ್ಟಿದ್ದು. ನೋಡಲು ಮಂಕು, ಬಾಯಿಗಿಟ್ಟರೆ ಕಹಿ.

ಭಾವನ ಕೊನೆಯ ಪರೀಕ್ಷೆ ಎಲೆಯಡಿಕೆಯ ಸುಣ್ಣದ್ದು. ಪುಡಿಗೆ ಸುಣ್ಣದ ನೀರು ಬಿಟ್ಟರೆ ಒಳ್ಳೆಯ ಸಿಪ್ಪೆ ಗಾಢ ಹಳದಿಯಾಗುತ್ತದೆ. ಬಣ್ಣಕ್ಕೆಂದು ಯಾರಾದರೂ ಅರಿಶಿನ ಬೆರೆಸಿದ್ದರೆ ಆರತಿಯ ಓಕುಳಿಯ ಹಾಗೆ ಕೆಂಪಾಗುತ್ತದೆ. ಗೌಡರ ಸ್ಯಾಂಪಲ್ ಹಳದಿಯಾಗಿತ್ತು.

ಗುರುವಾರ ಬೆಳಿಗ್ಗೆ ಗೌಡರು ಬೇಲೂರು, ಹಳೇಬೀಡು ದಾಟಿ ಬಸ್ಸಿನಲ್ಲಿ ಚೀಲ ತಂದರು. ಭಾವನ ಮನೆಯಲ್ಲಿ ಇಳಿಸಿ ಪೇಟೆ ಕೆಲಸಕ್ಕೆ ಹೋದರು. ಸಂಜೆ ಅಂಗಡಿಯಿಂದ ಬಂದ ಭಾವ ಚೀಲ ಬಿಚ್ಚಿ, “ಮೊನ್ನೆಗಿಂತ ಬಣ್ಣ ಹೆಚ್ಚಾಗಿದೆಯಲ್ಲ!” ಎಂದು ಒಂದು ಚಿಟಿಕೆ ತಟ್ಟೆಗೆ ತೆಗೆದು ಸುಣ್ಣದ ನೀರು ಬಿಟ್ಟರು. ನಾನೂ ಪಕ್ಕದಲ್ಲೇ ಕೂತಿದ್ದೆ.

ಕೆಂಪು!

ಅಷ್ಟರಲ್ಲೇ ಗೌಡರು ಮೆಟ್ಟಿಲು ಹತ್ತಬೇಕೆ?

“ಏನ್ ಗೌಡ್ರೇ, ಸ್ಯಾಂಪಲ್ ಒಂದು, ಮಾಲು ಒಂದಾ? ಅರಿಶಿನ ಬೆರೆಸಿ ನನ್ನ ತಲೆಗೆ ಕಟ್ಟೋಕೆ ಬಂದ್ರಾ?” ಎಂದು ಭಾವ ಕೂಗಾಡಿದರು.

“ಅರಿಶಿನವಾ? ನಮ್ಮನೆ ಹೆಂಗಸ್ರು ಕುಟ್ಟಿರೋ ಪುಡಿ ಸ್ವಾಮಿ. ಬರೀ ಸಿಪ್ಪೆ ಐತೆ, ಬೇರೇನಿಲ್ಲ.”

“ಹಾಗಾದ್ರೆ ಸುಣ್ಣ ಸುಳ್ಳು ಹೇಳುತ್ತೇನ್ರೀ? ಮೋಸಕ್ಕೂ ಒಂದು ಮಿತಿ ಇರ್ಬೇಕು!”

ಗೌಡರು ತಟ್ಟೆಯಲ್ಲಿದ್ದ ಕೆಂಪನ್ನೇ ನೋಡುತ್ತ ನಿಂತರು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳತೊಡಗಿದ್ದರು.

ಗೌಡರಿಗೆಂದು ಕಾಫಿ ತಂದ ನಮ್ಮಕ್ಕ ಬಾಗಿಲಲ್ಲೇ ನಿಂತಳು. “ಅರಿಶಿನ ನಾನು ಹಾಕಿದ್ದು ಕಣ್ರೀ. ಹೊಸ ವ್ಯಾಪಾರದ ಮೊದಲ್ನೇ ಚೀಲ, ಹಾಗೇ ಒಳಗಿಡ್ತಾರಾ? ಹುಳಾನೂ ಹಿಡಿಯಲ್ಲ ಅಂತ ಚೆನ್ನಾಗಿ ಕಲಸಿಟ್ಟೆ.”

ಅಕ್ಕ ಹೊಸ ಸೀರೆಯ ಅಂಚಿಗೆ ಅರಿಶಿನ ಮುಟ್ಟಿಸದೆ ಉಟ್ಟವಳಲ್ಲ. ಭಾವನ ಹೊಸ ಪಂಚೆಗೂ ಹೊಸ ಸೈಕಲ್ಲಿಗೂ ಅದೇ ಉಪಚಾರ. ಯಾರ ಮನೆಯಲ್ಲಿಲ್ಲ? ಪಾಪ, ಶುಭವಾಗಲೆಂದೇ ಹಾಕಿದ್ದಳು.

ಭಾವ ಕೈಮುಗಿದರು. “ತಪ್ಪಾಯ್ತು ಗೌಡ್ರೇ. ಕೂತ್ಕೊಳ್ಳಿ, ಕಾಫಿ ತಗೊಳ್ಳಿ.”

ಗೌಡರು ಅಕ್ಕನ ಮುಖ ನೋಡಿ ನಿಂತೇ ಕಾಫಿ ಕುಡಿದರು. ಲೋಟ ಕೆಳಗಿಟ್ಟು, “ಮನೇಲಿ ಇನ್ನೂ ಪುಡಿ ಐತೆ ಸ್ವಾಮಿ. ಆದ್ರೆ ನಿಮಗೆ ಕೊಡಾಕಿಲ್ಲ. ಬತ್ತೀನಿ ಕಣಮ್ಮಾ” ಎಂದು ಇಳಿದು ಹೋದರು. ನನಗೆ ಬಹಳ ಕೆಡುಕೆನಿಸಿತು. ಭಾವನಿಗಂತೂ ಅಂದು ಊಟ ಸೇರಲಿಲ್ಲ.

ಸೋಮವಾರ ಹಾಸನಕ್ಕೆ ಡಬ್ಬಿ ಹೋಗಲಿಲ್ಲ. ಆದರೂ ತಮ್ಮ ಪರೀಕ್ಷೆ ತಪ್ಪಲಿಲ್ಲ ಎಂದೇ ಭಾವ ಹೇಳುತ್ತಾರೆ. ನಿಜವೇ. ಪುಡಿಯಲ್ಲಿ ಅರಿಶಿನವಿದೆ ಎಂದಷ್ಟೇ ಸುಣ್ಣ ಹೇಳಿತ್ತು. ಗೌಡರು ಮೋಸಗಾರರು ಎಂದದ್ದು ಯಾರು?