ಪೆಟ್ರೋಲ್ ಪಂಪಿನ ಹಿಂದಿನ ಬೋರು

ಜಹೀರಾಬಾದಿನಿಂದ ತಾಂಡೂರಿಗೆ ಹೋಗುವ ರಸ್ತೆಯ ಹಳೆಯ ಪೆಟ್ರೋಲ್ ಪಂಪು ಮುಚ್ಚಿ ವರ್ಷಗಳೇ ಆಗಿದ್ದವು. ಆ ಜಾಗದಲ್ಲಿ ಮದುವೆ ಹಾಲ್ ಕಟ್ಟಬೇಕೆಂದಿದ್ದ ವ್ಯಾಪಾರಿಯೊಬ್ಬ, ಕೊಳ್ಳುವ ಮೊದಲು ನೆಲ ಹೇಗಿದೆ ನೋಡಿರೆಂದು ನಮ್ಮ ಕಂಪನಿಗೆ ಹೇಳಿದ. ಮಣ್ಣು, ನೀರು ಪರೀಕ್ಷಿಸುವುದು ನನ್ನ ನೌಕರಿ. ಆ ಕಡೆಯವನೆಂದು ನನ್ನನ್ನೇ ಕಳಿಸಿದರು. ಪಂಪಿನ ಹಿಂದಿನ ಮನೆ ನನ್ನ ದೊಡ್ಡಪ್ಪನ ಮಗಳದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಕ್ಕ, ಭಾವ ಕುರಿ ಸಾಕಿಕೊಂಡು, ತುಸು ತೊಗರಿ ಬೆಳೆದುಕೊಂಡು ಅಲ್ಲೇ ಇದ್ದರು.

ಕೊರೆದಲ್ಲೆಲ್ಲ ಮೊದಮೊದಲು ಕೆಂಪು ಮೊರಂ, ಅಂದರೆ ಗರಸು ಮಣ್ಣು, ಬಂತು. ಹಳೆಯ ಟ್ಯಾಂಕು ಕಿತ್ತು ತೆಗೆದ ಗುಂಡಿಯ ಹತ್ತಿರ ಮಾತ್ರ ಆಳದ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಮುಖದ ಹತ್ತಿರ ತಂದರೆ ಪೆಟ್ರೋಲಿನ ಘಾಟು ಕಣ್ಣಿಗೆ ಹತ್ತಿತು. ಟ್ಯಾಂಕು ಎಂದೋ ತೂತಾಗಿ, ಯಾರಿಗೂ ತಿಳಿಯದಂತೆ ಸೋರಿತ್ತು. ನೆಲದ ಇಳಿಜಾರು ಅಕ್ಕನ ಮನೆಯ ಕಡೆಗಿತ್ತು.

ಅವಳ ಬೋರಿನ ನೀರನ್ನೂ ಪರೀಕ್ಷೆಗೆ ಹಿಡಿದುಕೊಂಡೆ.

"ನೀರಾಗ ಏನ್ ನೋಡ್ತಿ ತಮ್ಮ? ಜರಾ ವಾಸನಿ ಅದ. ಹೊಸಾ ಮೋಟರ್ ಇಳಿಸೀವಿ, ಅದರ ಎಣ್ಣಿದು ಅಂತ ನಿಮ್ ಭಾವ ಅಂತಾರ," ಅಂದಳು.

"ಯಾವಾಗಿಂದ ಬರ್ತದ ಅಕ್ಕ?"

"ಹೋದ ಮಳಿಗಾಲದಿಂದ."

ಪರೀಕ್ಷೆಯಲ್ಲಿ ಬೆಂಜೀನ್ ಸಿಕ್ಕಿತು. ಕ್ಯಾನ್ಸರಿಗೆ ದಾರಿ ಮಾಡುವ ವಿಷ ಅದು. ಆ ಮಾತು ನನ್ನ ಬಾಯಿಂದಲೇ ಅಕ್ಕನಿಗೆ ಹೇಳಬೇಕಾಯಿತು.

"ಕುಡ್ಯಾಕೂ ಬ್ಯಾಡ, ಅಡಗಿಗೂ ಬ್ಯಾಡ. ಕಾಸಿದ್ರ ಹಬಿಯಾಗ ಬಂದು ಮೂಗಿಗೇ ಹೋಗ್ತದ," ಎಂದೆ.

ಅವಳು ಕುರಿಗಳ ಕಡೆ ತಿರುಗಿದಳು. "ಕುಡ್ಯಾಕ ಸರ್ಕಾರದ ನಲ್ಲಿ ನೀರು ನಡೀತದ. ಕುರಿಗೋಳಿಗಿ ಏನ್ ಕುಡಸ್ಲಿ? ನೀ ಓದಿದವ ಇದ್ದಿ, ಬೋರಿನಾಗ ಹಾಕಾಕ ಏನರೆ ಔಷಧ ಇದ್ರ ಕೊಡು."

ಅಂಥ ಔಷಧ ಇರಲಿಲ್ಲ. ಕೆಟ್ಟ ಮಣ್ಣನ್ನೆಲ್ಲ ಅಗೆದು ಸಾಗಿಸಬೇಕು, ಕೆಳಗಿನ ನೀರನ್ನು ವರ್ಷಗಟ್ಟಲೆ ಎತ್ತಿ ಶುದ್ಧ ಮಾಡಬೇಕು. ಅಷ್ಟೆಲ್ಲ ಮಾಡುವವರು ಯಾರು? ವ್ಯಾಪಾರಿ ವಿಷಯ ತಿಳಿದ ಕೂಡಲೇ ಬೇರೆ ಜಾಗ ನೋಡಿಕೊಂಡ. ಪಂಪಿನ ಮಾಲೀಕ ತೀರಿಹೋಗಿದ್ದ. ಅವನ ಮಕ್ಕಳು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ಭಾವನೂ ನಾನೂ ಕಚೇರಿಯಿಂದ ಕಚೇರಿಗೆ ಅಲೆದೆವು. ಕೊನೆಗೊಬ್ಬ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ, ಎಲ್ಲ ಕೇಳಿದ.

"ನಿಮ್ಮದು ಖರೇ ಅದ್ರಿ. ಆದ್ರ ಯಾರ ಕಾಲಕ್ಕ ಸೋರ್ಯಾದ ಅಂತ ಸಾಬೀತ್ ಮಾಡೋರು ಯಾರ್ರಿ?" ಅಂದ. ಭಾವ ಅವನಿಗೇ ಕೈಮುಗಿದು ಹೊರಗೆ ಬಂದ.

ಆಮೇಲೆ ಭಾವ ಹೊಲದ ಆಚೆ ತುದಿಗೆ ಹೊಸ ಬೋರು ಹಾಕಿಸಿದ. ಬೇಡವೆಂದು ಹೇಳಿದ್ದೆ. ಒಂದು ಮಳೆಗಾಲ ನೀರು ಚೆನ್ನಾಗಿತ್ತು, ಮರುವರ್ಷ ಅದರಲ್ಲೂ ಬಣ್ಣಬಣ್ಣದ ಪೊರೆ ತೇಲಿತು. ಅವನು ಯಾರಿಗೂ ಬೈಯಲಿಲ್ಲ. ಕುರಿಗಳನ್ನು ನಾಗಲಗಿದ್ದ ಊರಿನಲ್ಲಿರುವ ತನ್ನ ತಮ್ಮನ ಮನೆಗೆ ಹೊಡೆದುಕೊಂಡು ಹೋದ. ಅವುಗಳ ಜತೆ ಅಲ್ಲೇ ಉಳಿದ. ಎಂದಾದರೊಮ್ಮೆ ಬಂದು ಹೋಗುತ್ತಾನೆ.

ಮೊನ್ನೆ ಹೋದಾಗ ಅಕ್ಕ ಮನೆಯ ಬೋರಿನ ಅದೇ ನೀರಿನಲ್ಲಿ ಬಾಂಡೆ ತಿಕ್ಕುತ್ತಿದ್ದಳು.

"ಈಗ ವಾಸನಿ ಹೋಗ್ಯಾದ ತಮ್ಮ. ನೀರು ಸಾಫ್ ಆಗ್ಯಾವ," ಅಂದಳು. ಮುಖದಲ್ಲಿ ಸಣ್ಣ ಗೆಲುವಿತ್ತು.

ನನಗೆ ಅಂಗಳಕ್ಕೆ ಕಾಲಿಡುವ ಮೊದಲೇ ಘಾಟು ಬಡಿದಿತ್ತು. ಅವಳ ಮೂಗಿಗೆ ಅದು ರೂಢಿಯಾಗಿಬಿಟ್ಟಿತ್ತು. "ಹೋಗಿಲ್ಲ ಅಕ್ಕ, ಇನ್ನಾ ಅದ," ಎಂದೆ.

"ಹಂಗಾರ ಇರ್ಲಿ," ಅಂದು ಅವಳು ಮೋಟರ್ ಹಾಕಲು ಎದ್ದಳು.