ಅವಳ ಕಂಪ್ಯೂಟರಿನ ಕೆಂಪು ಗುರುತುಗಳು

ನನ್ನ ಹೊಟ್ಟೆಕಿಚ್ಚಿಗೆಲ್ಲ ಒಂದು ಕಂಪ್ಯೂಟರೇ ಕಾರಣ ಎಂದು ನಾನು ಬಹಳ ದಿನ ನಂಬಿದ್ದೆ. ಮನುಷ್ಯರನ್ನು ನೋಡಿ ಉರಿದುಕೊಂಡರೆ ಜನ ಆಡಿಕೊಳ್ಳುತ್ತಾರೆ, ಯಂತ್ರವನ್ನು ನೋಡಿ ಉರಿದುಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅದೊಂದು ಅನುಕೂಲ ನನಗಿತ್ತು.

ತಿಕೋಟಾ ಊರಿನ ಹೊರಗೆ, ರೈತರ ಒಣದ್ರಾಕ್ಷಿಯನ್ನು ತಂಪಿನಲ್ಲಿಡುವ ಕೋಲ್ಡ್ ಸ್ಟೋರೇಜ್ ಒಂದರ ಆಫೀಸಿನಲ್ಲಿ ನಾವಿಬ್ಬರು ಎದುರುಬದುರು ಕೂಡುತ್ತಿದ್ದೆವು. ನಾನು ವಿಜಯಪುರದ ಜೋರಾಪುರ ಪೇಟೆಯಿಂದ ದಿನಾ ಬಸ್ಸಿಗೆ ಬರುವವಳು. ಅವಳು ಘೋಣಸಗಿಯವಳು, ಸ್ಕೂಟಿಯ ಮೇಲೆ ಧೂಳೆಬ್ಬಿಸಿಕೊಂಡು ಬರುತ್ತಿದ್ದಳು. ನಾನು ಸೇರಿ ಎಷ್ಟೋ ವರ್ಷವಾದ ಮೇಲೆ ಅವಳು ಸೇರಿದ್ದು. ಯಾರ ಮಾಲು ಯಾವ ಕೋಣೆಯಲ್ಲಿದೆ ಎಂದು ಕಂಪ್ಯೂಟರಿಗೆ ಹತ್ತಿಸುವುದು, ವ್ಯಾಪಾರಿಗಳಿಗೆ ಪತ್ರ ಟೈಪು ಮಾಡುವುದು ಇಬ್ಬರಿಗೂ ಇದ್ದ ಕೆಲಸ. ಅವಳಿಗೊಂದು ಚಟವಿತ್ತು. ಪ್ರತಿ ಸಾಲು ಮುಗಿದಾಗಲೂ ಎಡಗೈಯಿಂದ ಕೀಬೋರ್ಡಿನ ಮೂಲೆಯಲ್ಲಿ ಟಕ್ ಎಂದು ಒಂದು ಸದ್ದು ಮಾಡುವಳು. ಕೆಲಸ ಓಡುತ್ತಿದೆ ಎಂದು ನನಗೆ ಕೇಳಿಸಲಿಕ್ಕೇ ಹಾಗೆ ಕುಟ್ಟುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡು ಕೂಡುತ್ತಿದ್ದೆ.

ಆ ವರ್ಷ ಮ್ಯಾನೇಜರು ಕೆಲಸ ಬಿಡುವವರಿದ್ದರು. ಅವರ ಗಾಜಿನ ಕೋಣೆ ಖಾಲಿಯಾಗುವುದಿತ್ತು. ಒಳಗೊಂದು ಕೂಲರ್, ತಿರುಗುವ ಕುರ್ಚಿ, ಬಾಗಿಲ ಮೇಲೆ ಹುದ್ದೆಯ ಪಾಟಿ. ವರ್ಷಗಟ್ಟಲೆ ಆ ಗಾಜನ್ನು ಹೊರಗಿನಿಂದ ನೋಡಿದ ನನಗೇ ಅದು ಬರಬೇಕೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನ ಹುಟ್ಟಿಸಿದ್ದು ಬಬಲೇಶ್ವರದಿಂದ ವಾರಕ್ಕೊಮ್ಮೆ ಬರುತ್ತಿದ್ದ ಮಾಲೀಕರು. ಅವರನ್ನು ನಾವೆಲ್ಲ ಸಾವ್ಕಾರ್ರು ಅನ್ನುತ್ತಿದ್ದೆವು. ಬಂದವರು ಮೊದಲು ಅವಳ ಮೇಜಿನ ಹತ್ತಿರ ನಿಲ್ಲುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗಿ, "ಬಾಯಾರ, ಆಕಿದು ಆಗಲೇ ಮುಗದೈತಿ ನೋಡ್ರಿ. ನಿಮ್ಮದು?" ಎನ್ನುತ್ತಿದ್ದರು.

ನನ್ನದು ಹೇಗೆ ಮುಗಿಯಬೇಕು? ಆ ಬೇಸಿಗೆಯಲ್ಲಿ ನಮ್ಮ ಸಾಫ್ಟ್‌ವೇರಿಗೆ ಏನು ಬಡಿದಿತ್ತೋ, ಒಂದು ಪುಟ ತುಂಬಿಸಿ ಉಸಿರು ಬಿಡುವಷ್ಟರಲ್ಲಿ ಪರದೆ ಬೆಳ್ಳಗಾಗಿ, ನಿಂತಲ್ಲೇ ನಿಂತು, ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಸಾಫ್ಟ್‌ವೇರು ಹಾಗೆ ಬಿತ್ತು ಅಂದರೆ ಪುಟವೆಲ್ಲ ಮಾಯ. ನಾನು ಹಣೆ ಬಡಿದುಕೊಂಡು ಇಡೀ ಆಫೀಸಿಗೆ ಕೇಳುವಂತೆ ಒದರುತ್ತಿದ್ದೆ. ಎದುರಿಗೆ ಅವಳು ಟಕ್ ಟಕ್ ಎನ್ನುತ್ತ, ಚಹ ಬರುವ ಹೊತ್ತಿಗೆ ಎಲ್ಲ ಮುಗಿಸಿ ಹುರಿದ ಶೇಂಗಾ ಸುಲಿಯುತ್ತಿದ್ದಳು. ಆ ಸಿಪ್ಪೆ ಮುರಿಯುವ ಸದ್ದಿಗೂ ನನ್ನ ಹೊಟ್ಟೆ ಉರಿಯುತ್ತಿತ್ತು. ಒಳ್ಳೆಯ ಕಂಪ್ಯೂಟರ್ ಅವಳಿಗೆ ಕೊಟ್ಟು ಕೆಟ್ಟದ್ದನ್ನು ನನಗೆ ತಗುಲಿಹಾಕಿದ್ದಾರೆ, ಬೇರೆ ಕಾರಣವೇ ಇಲ್ಲ ಎಂದು ತೀರ್ಮಾನಿಸಿದೆ. ಒಂದು ದಿನ ತಡೆಯಲಾರದೆ ಸಾವ್ಕಾರರಿಗೆ ಹೇಳಿಯೇಬಿಟ್ಟೆ.

"ಚಲೋ ಕಂಪ್ಯೂಟರ್ ಆಕಿಗಿ ಕೊಟ್ಟೀರಿ, ಕೆಟ್ಟಿದ್ದು ನನ್ನ ಕೊಳ್ಳಿಗಿ ಕಟ್ಟೀರಿ. ಹಿಂಗಾದ್ರ ನನ್ನ ಕೆಲಸ ಹೆಂಗ ಮುಗೀಬೇಕ್ರಿ?"

"ಅಯ್ಯ, ಅದಕ್ಯಾಕ ಜಗಳ? ಅದಲಾ ಬದಲಾ ಮಾಡ್ಕೋರಿ."

ಅವಳು ಮುಖ ಸಿಂಡರಿಸಿದ್ದರೆ ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಅವಳೋ ಎದ್ದು ತಾನೇ ವೈರು ಕಿತ್ತು, "ತಗೋರಿ ಅಕ್ಕಾರ, ಅದಕ್ಕೇನೈತಿ. ನನಗ ಯಾವುದಾದ್ರೂ ಅಷ್ಟ" ಎಂದಳು. ಇಷ್ಟು ಸುಲಭಕ್ಕೆ ಬಿಟ್ಟುಕೊಟ್ಟದ್ದು ನನಗೆ ಸರಿಬರಲಿಲ್ಲ.

ಸೋಮವಾರ ಅವಳ ಕಂಪ್ಯೂಟರಿನ ಮುಂದೆ ಕುಂಕುಮ ಹಚ್ಚಿ ಕೂತೆ. ಮಧ್ಯಾಹ್ನದೊಳಗೆ ಅದು ನನ್ನ ಹಳೆಯದಕ್ಕಿಂತ ಹೆಚ್ಚು ಸಲ ಬಿತ್ತು. ಎದುರಿಗೆ, ನನ್ನ ಹಳೆಯದರ ಮೇಲೆ, ಟಕ್ ಟಕ್ ನಿಂತಿರಲಿಲ್ಲ. ಕೊಡುವ ಮುಂಚೆ ಏನೋ ಮಾಡಿಯೇ ಕೊಟ್ಟಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಮೂರು ದಿನ ಸಹಿಸಿ, ಇವಳ ಬಣ್ಣ ಬಯಲು ಮಾಡುತ್ತೇನೆ ಎಂದು ನಗರದ ರಿಪೇರಿ ಅಂಗಡಿಯವನಿಗೆ ಫೋನ್ ಹಚ್ಚಿದೆ.

"ನಾ ಬರೂದು ಬ್ಯಾಡ್ರಿ ಅಕ್ಕಾರ, ಅದನ್ನ ತಪಾಸಣಿ ಮಾಡೂದು ಅದರಾಗ ಐತಿ. ಕಂಟ್ರೋಲ್ ಕೀ ಒತ್ತಿ ಹಿಡದು ಸಾಫ್ಟ್‌ವೇರ್ ತಗೀರಿ. ಸೇಫ್ ಮೋಡ್ ಅಂತ ಬರ್ತೈತಿ" ಎಂದ.

ಹಾಗೆ ತೆರೆದರೆ ಸಾಫ್ಟ್‌ವೇರು ಬೀಳಲೇ ಇಲ್ಲ. "ಅಂದ್ರ ಅದು ನೆಟ್ಟಗ ಐತ್ರಿ. ಅದಕ್ಕ ಜೋಡಿಸಿದ್ದು ಯಾವುದೋ ಒಂದು ಕಾಡಾಕತ್ತೈತಿ" ಎಂದು, ಸಾಫ್ಟ್‌ವೇರಿಗೆ ಅಂಟಿಸಿದ ಚಿಕ್ಕಪುಟ್ಟ ಜೋಡಣೆಗಳ ಪಟ್ಟಿ ತೆಗೆಸಿ, ಒಂದೊಂದಾಗಿ ಬಂದ್ ಮಾಡಿ ನೋಡಲು ಹೇಳಿದ. ಪೆಟ್ಟಿಗೆಗೆ ಹಚ್ಚುವ ಸ್ಟಿಕ್ಕರ್ ಮುದ್ರಿಸುವ ಪ್ರಿಂಟರಿನ ಜೋಡಣೆಯನ್ನು ಬಂದ್ ಮಾಡಿದಾಗ ಬೀಳುವುದು ನಿಂತುಹೋಯಿತು. ಆ ಪ್ರಿಂಟರನ್ನು ಬೇಸಿಗೆಯ ಮೊದಲಲ್ಲಿ ಎರಡೂ ಕಂಪ್ಯೂಟರಿಗೆ ಜೋಡಿಸಿದ್ದರು. ರೋಗ ಸಿಕ್ಕಿತು, ಮದ್ದೂ ಆಯಿತು. ಒಳ್ಳೆಯ ಮನಸ್ಸಿನವರಾಗಿದ್ದರೆ ಅಲ್ಲಿಗೆ ಫೋನಿಡುತ್ತಿದ್ದರು.

"ಯಾವತ್ತಿನಿಂದ ಹಿಂಗ ಮಾಡಾಕತ್ತೈತಿ ಅಂತ ನೋಡಾಕ ಬರ್ತೈತೇನು?" ಎಂದು ಕೇಳಿದೆ.

"ಬರ್ತೈತ್ರಿ. ಯಾವ ದಿನಾ ಏನ ಬಿತ್ತು ಅಂತ ಅದು ತನ್ನದು ತಾನ ಇಟ್ಟಿರ್ತೈತಿ" ಎಂದು ದಾರಿ ಹೇಳಿಕೊಟ್ಟ. ಪರದೆಯ ಮೇಲೆ ದಿನಗಳ ಸಾಲೊಂದು ಬಂತು. ಸಾಫ್ಟ್‌ವೇರು ಬಿದ್ದ ದಿನದ ಕೆಳಗೆ ಕೆಂಪು ಗುರುತು. ಆ ಕೆಂಪು ಕಂಡದ್ದೇ ತಡ, ತಾರೀಖು ಕೂಡ ಓದದೆ, ಅಂದು ಗೋದಾಮಿನಲ್ಲಿದ್ದ ಸಾವ್ಕಾರರನ್ನು ಕೂಗಿದೆ. ಅವಳನ್ನೂ ಕರೆದೆ. ಅವಳು ನೋಡದಿದ್ದರೆ ಏನು ಸುಖ?

"ನಿಮ್ಮ ಕಣ್ಣೀಲೇ ನೋಡ್ರಿ ಸಾವ್ಕಾರ್ರ. ನನಗ ಕೊಡೂ ಮುಂದ ಇದಕ್ಕೇನೋ ಮಾಡಿ ಕೊಟ್ಟಾಳ."

ಅವರು ಕನ್ನಡಕ ಏರಿಸಿ ಬಗ್ಗಿದರು. ಬೆರಳಿನಿಂದ ಮೌಸು ದೂಡುತ್ತ ಹಿಂದಿನ ದಿನಗಳಿಗೆ ಹೋದರು. ಕೆಂಪು. ಇನ್ನೂ ಹಿಂದೆ ಹೋದರು. ಕೆಂಪು, ಕೆಂಪು.

"ಬಾಯಾರ, ಇದು ನಿಮಗ ಬಂದಿದ್ದು ಈ ಸೋಮಾರ ಅಲ್ಲ? ಇವು ಯುಗಾದಿ ಆದಾಗಿನಿಂದ ಅದಾವಲ್ಲ."

ನಾನು ಆಗ ತಾರೀಖು ಓದಿದೆ. ಅವರು ಅಷ್ಟಕ್ಕೆ ಬಿಡದೆ ಎದುರು ಮೇಜಿಗೆ ಹೋಗಿ, ನನ್ನ ಹಳೆಯ ಕಂಪ್ಯೂಟರಿನಲ್ಲೂ ಅದನ್ನೇ ತೆಗೆಯಲು ನನಗೇ ಹೇಳಿದರು. ತೆಗೆಯುವುದು ಗೊತ್ತಿದ್ದವಳು ನಾನೊಬ್ಬಳೇ. ತೆಗೆದೆ. ಅದರಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು. ಇಡೀ ಬೇಸಿಗೆ ಕೆಟ್ಟ ಕಂಪ್ಯೂಟರಿನ ಮೇಲೆ ಕೆಲಸ ಮಾಡಿದವಳು ಅವಳು.

"ಇಷ್ಟು ಸಲ ಬಿದ್ರೂ ಒಂದಿನಾನೂ ಹೇಳಲಿಲ್ಲಲ್ಲವಾ ನೀ?" ಎಂದು ಸಾವ್ಕಾರರು ಅವಳನ್ನು ಕೇಳಿದರು.

"ಏನ ಹೇಳೂದ್ರಿ? ಒಂದ ಸಾಲ ಹೋಗತಿತ್ತು, ಮತ್ತ ಹೊಡೀತಿದ್ದೆ. ನಾ ಕಂಪ್ಯೂಟರ್ ಕಲ್ತ ಕ್ಲಾಸಿನ್ಯಾಗ ಕರೆಂಟ್ ಯಾವಾಗ ಹೋಗತಿತ್ತೋ ಯಾರಿಗೆ ಗೊತ್ರಿ. ಅದಕ್ಕ ಸಾಲ ಮುಗೀತಂದ್ರ ಸೇವ್ ಮಾಡೂದು, ಕೈಗಿ ಅದ ರೂಢಿ ಆಗೈತಿ." ಎಡಗೈ ಎತ್ತಿ ಎರಡು ಬೆರಳು ತೋರಿಸಿದಳು. "ಮತ್ತ ಅಕ್ಕಾರ ಹೆಂಗೂ ಒದರತಿದ್ರು. ಇಬ್ಬರೂ ಒದರಕೋತ ಕುಂತ್ರ ಕೆಲಸ ಯಾರ ಮಾಡಬೇಕ್ರಿ?"

ಹೇಳಿ ನಕ್ಕಳು. ಆ ನಗುವಿನಲ್ಲಿ ಒಂದಿಷ್ಟಾದರೂ ಕುಹಕ ಇತ್ತೇ ಎಂದು ನಾನು ಇವತ್ತಿಗೂ ಹುಡುಕುತ್ತೇನೆ. ಇದ್ದಿದ್ದರೆ ಅವಳನ್ನು ಮನಸಾರೆ ಬೈಯಬಹುದಿತ್ತು. ಸಾವ್ಕಾರರೂ ನಕ್ಕರು, ಕನ್ನಡಕ ಜೇಬಿಗಿಟ್ಟರು, ಹೋಗುವಾಗ ಆ ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿದರು. ಅವರು ಏನು ಲೆಕ್ಕ ಹಾಕಿದರು ಎಂದು ನನಗೆ ಅಲ್ಲೇ ತಿಳಿಯಿತು. ಅವಳ ಪರವಾಗಿ ನನ್ನಷ್ಟು ಚೆನ್ನಾಗಿ ಬೇರೆ ಯಾರೂ ಸಾಕ್ಷಿ ಹೇಳುತ್ತಿರಲಿಲ್ಲ.

ಮುಂದಿನ ತಿಂಗಳು ಅವಳು ಮ್ಯಾನೇಜರಾಗಿ ಗಾಜಿನ ಕೋಣೆಯ ಒಳಗೆ ಹೋದಳು. ಹೋಗುವಾಗ, "ನೀವ ಅದನ್ನ ಸರಿ ಮಾಡಿದ್ರಿ ಅಕ್ಕಾರ, ಇಲ್ಲಾಂದ್ರ ಎಲ್ಲಾರೂ ಹಂಗ ಒದ್ದಾಡತಿದ್ವಿ" ಎಂದು ಒಂದು ಹಿಡಿ ಶೇಂಗಾ ನನ್ನ ಮೇಜಿನ ಮೇಲಿಟ್ಟಳು. ನಾನು ಅದನ್ನು ಸಂಜೆಯವರೆಗೂ ಮುಟ್ಟಲಿಲ್ಲ. ಬಸ್ಸಿನಲ್ಲಿ ಹಸಿವೆಯಾಗಿ ತಿಂದೆ.

ಈಗ ಸಾಫ್ಟ್‌ವೇರು ಬೀಳುವುದೇ ಇಲ್ಲ. ಅದರ ಇತಿಹಾಸವನ್ನು ಆಗಾಗ ತೆಗೆದು ನೋಡುತ್ತೇನೆ, ಒಂದು ಕೆಂಪು ಗುರುತೂ ಇಲ್ಲ. ಆದರೂ ಚಹ ಬರುವ ಹೊತ್ತಿಗೆ ನನ್ನ ಕೆಲಸ ಅರ್ಧ ಉಳಿದಿರುತ್ತದೆ, ಒದರಲು ಈಗ ಏನೂ ಉಳಿದಿಲ್ಲ. ಗಾಜಿನಾಚೆ ಅವಳ ಎಡಗೈ ಸಾಲಿಗೊಮ್ಮೆ ಕೀಬೋರ್ಡಿನ ಮೂಲೆಗೆ ಹೋಗಿ ಬರುವುದು ಕಾಣುತ್ತದೆ, ಸದ್ದು ಮಾತ್ರ ಕೇಳಿಸುವುದಿಲ್ಲ. ನೋಡುತ್ತ ನೋಡುತ್ತ ನಾನು ಟೈಪು ಮಾಡುವುದನ್ನೇ ಮರೆತಿರುತ್ತೇನೆ.