ಅತ್ತೆಯ ಬೆನ್ನು, ನನ್ನ ಬೆನ್ನು

ನಮ್ಮ ಅತ್ತೆ ನೆಲದಿಂದ ಏಳುವ ರೀತಿಯೇ ಬೇರೆ ಇತ್ತು. ಮೊದಲು ಎಡಮಗ್ಗುಲಿಗೆ ಹೊರಳುತ್ತಿದ್ದರು. ಎರಡೂ ಮೊಣಕಾಲು ಮಡಚಿ, ಮೊಣಕೈ ಊರಿ, ಆಮೇಲೆ ಅಂಗೈ ಊರಿ, ಸೊಂಟವನ್ನು ಒಂದಿಷ್ಟೂ ಬಗ್ಗಿಸದೆ, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತಿದ್ದರು. ನಿಂತ ಮೇಲೆ ಒಂದು ಗಳಿಗೆ ಗೋಡೆಗೆ ಕೈ ಹಚ್ಚಿ, ಸೆರಗು ಸರಿಮಾಡಿಕೊಂಡು, ಆಮೇಲೆಯೇ ಮೊದಲ ಹೆಜ್ಜೆ. ಮದುವೆಯಾಗಿ ಬುಧಗಾಂವದ ಆ ಮನೆಗೆ ಹೋದ ಹೊಸತರಲ್ಲಿ ನಾನು ಅದನ್ನು ದೊಡ್ಡ ಮನೆತನದ ಗತ್ತು ಎಂದುಕೊಂಡಿದ್ದೆ. ಓಣಿಯ ಹೆಂಗಸರೂ ಹಾಗೆಯೇ ತಿಳಿದಿದ್ದರು. ‘ನಿಮ್ಮ ಅತ್ತಿ ಏಳೂದು ನೋಡಬೇಕ ನೋಡ್ರಿ, ರಾಣಿ ಎದ್ದಂಗ ಏಳತಾರ’ ಎನ್ನುತ್ತಿದ್ದರು.

ನನ್ನ ತವರು ಸಲಗರೆ. ಕನ್ನಡ ಮಾತಾಡುವ ಜೈನ ಒಕ್ಕಲಿಗರ ಮನೆ. ಬುಧಗಾಂವದವರೂ ನಮ್ಮಂಥವರೇ, ಆದರೆ ಸಾಂಗ್ಲಿಯ ಮಗ್ಗುಲಲ್ಲಿ ಇದ್ದು ಇದ್ದು ಅವರ ಮನೆಯ ಮಾತು ಅರ್ಧ ಮರಾಠಿಯಾಗಿತ್ತು. ನನ್ನ ಗಂಡನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡಲು ಹೋದರೆ ತಡವರಿಸುತ್ತಿದ್ದರು. ಅತ್ತೆ ಮಾತ್ರ ಕನ್ನಡ ಬಿಟ್ಟಿರಲಿಲ್ಲ. ನಾನು ಹೋದ ದಿನ ನನ್ನ ಗಲ್ಲ ಹಿಡಿದು, ‘ಬಾರವಾ, ಈ ಮನ್ಯಾಗ ನನಗ ಮಾತಾಡಾಕ ಒಬ್ಬಾಕಿ ಬಂದಿ’ ಎಂದಿದ್ದರು.

ಹಾಗೆಂದು ಅವರು ಮೆತ್ತಗಿನ ಹೆಂಗಸಲ್ಲ. ಹೊಗಳುವುದರಲ್ಲಿ ಬಲು ಜಿಪುಣಿ. ಪಲ್ಯ ಎಷ್ಟು ಚೆನ್ನಾಗಿ ಆಗಿದ್ದರೂ ‘ನಡೀತೈತಿ’ ಎನ್ನುವುದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಬಸದಿಯಲ್ಲಿ ಪ್ರವಚನ ಶುರುವಾದರೆ ಕಂಬಕ್ಕೆ ಆನಿಕೊಂಡು ಕಣ್ಣು ಮುಚ್ಚುತ್ತಿದ್ದರು; ಕೇಳಿದರೆ ಧ್ಯಾನ ಎನ್ನುತ್ತಿದ್ದರು. ಸಾಂಗ್ಲಿಗೋ ಮಿರಜಿಗೋ ಹೊರಟರೆ ವಡಾಪಿನಲ್ಲಿ, ಅಂದರೆ ಮಂದಿಯನ್ನು ತುಂಬಿಕೊಂಡು ಓಡುವ ಜೀಪಿನಲ್ಲಿ, ಡ್ರೈವರನ ಪಕ್ಕದ ಸೀಟೇ ಆಗಬೇಕು. ಅದು ಖಾಲಿ ಇಲ್ಲದಿದ್ದರೆ ಇನ್ನೊಂದು ಬರುವ ತನಕ ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದರು. ಚೀಲದಲ್ಲಿ ಸದಾ ಒಂದು ಹಳೇ ದುಪ್ಪಟಿಯ ಸುರುಳಿ. ಕುಳಿತ ಕೂಡಲೇ ಅದನ್ನು ಸೊಂಟದ ಹಿಂದೆ ಸಿಕ್ಕಿಸಿಕೊಂಡು, ‘ಖಡ್ಡಾ ತೆಗ್ಗು ನೋಡಿ ಹೊಡಿಯಪಾ, ನಾವೇನ ಗೋಣಿಚೀಲ ಅಲ್ಲ’ ಎಂದು ಡ್ರೈವರನಿಗೆ ತಾಕೀತು ಮಾಡುತ್ತಿದ್ದರು.

ನನ್ನ ಬೆನ್ನು ಮೊದಲ ಸಲ ಹಿಡಿದದ್ದು ಎರಡನೆಯ ಮಗಳು ಅಂಬೆಗಾಲಿಡುತ್ತಿದ್ದಾಗ. ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಒಗೆದು, ಒದ್ದೆ ಚಾದರುಗಳ ಬುಟ್ಟಿಯನ್ನು ಬಗ್ಗಿ ಎತ್ತಿದೆ. ಸೊಂಟದಲ್ಲಿ ಏನೋ ಕಳಚಿದಂತಾಯಿತು. ನೋವು ಕಾಸಿದ ತಂತಿಯ ಹಾಗೆ ಎಡತೊಡೆಯ ಹಿಂಭಾಗದಲ್ಲಿ ಇಳಿದು ಪಾದಕ್ಕೆ ಮುಟ್ಟಿತು. ಬುಟ್ಟಿ ಬಿದ್ದಿತು, ಬಟ್ಟೆ ಮಣ್ಣಾಯಿತು, ನಾನು ಬಗ್ಗಿದವಳು ಬಗ್ಗಿದ ಹಾಗೆಯೇ ಕಲ್ಲು ಹಿಡಿದು ನಿಂತೆ. ಕೂಗಲೂ ಆಗಲಿಲ್ಲ. ಅತ್ತೆ ಬಂದವರು ಏನಾಯಿತೆಂದು ಕೇಳಲೇ ಇಲ್ಲ. ನನ್ನ ಎರಡೂ ಕಂಕುಳಲ್ಲಿ ಕೈ ಹಾಕಿ, ‘ನೆಟ್ಟಗಾಗಬ್ಯಾಡ. ಹಂಗ ಮೊಣಕಾಲ ಊರು. ಈಗ ಮಗ್ಗಲಿಗೆ ಹೊರಳು. ಉಸರ ಬಿಡು, ಉಸರ ಹಿಡೀಬ್ಯಾಡ’ ಎಂದು ಅಲ್ಲೇ ನೆಲದ ಮೇಲೆ ಮಲಗಿಸಿದರು.

ಅದು ಹೋಯಿತು ಎನ್ನುವಷ್ಟರಲ್ಲಿ ಮತ್ತೆ ಬಂತು. ಒಮ್ಮೆ ರೊಟ್ಟಿ ಬಡಿಯುವಾಗ, ಒಮ್ಮೆ ಮಗುವಿಗೆ ಚಡ್ಡಿ ಹಾಕುವಾಗ, ಒಮ್ಮೆ ಬರೀ ಸೀನಿದ್ದಕ್ಕೆ. ಬಂದರೆ ವಾರಗಟ್ಟಲೆ ಚಾಪೆ. ಹೋದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡಾಟ. ಇದೇ ನನಗೆ ಮುಳುವಾಯಿತು. ಮುರಿದ ಕೈಗಾದರೆ ಪ್ಲಾಸ್ಟರು ಕಾಣುತ್ತದೆ. ನಿನ್ನೆ ನಡೆದಾಡಿದವಳು ಇವತ್ತು ಏಳಲಾರೆ ಎಂದರೆ ಯಾರು ನಂಬುತ್ತಾರೆ? ಮನೆಯಲ್ಲಿ ಮಾವನವರ ಅಕ್ಕ ಇದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲಿ ನೆಲೆಸಿದವರು. ಎಲ್ಲರೂ ‘ಅಕ್ಕಾ’ ಎಂದೇ ಕರೆಯುತ್ತಿದ್ದರು. ‘ನಾವು ಹೊಲದಾಗ ಕಬ್ಬಿನ ಹೊರಿ ಹೊತ್ತೀವಿ, ನಮಗ ಬೆನ್ನು ಇದ್ದಿದ್ದಿಲ್ಲೇನು?’ ಎಂದು ನನಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದರು. ನನ್ನ ಗಂಡ ಕೆಟ್ಟವರಲ್ಲ, ಆದರೆ ಮುಲಾಮಿನ ಟ್ಯೂಬು ತಂದುಕೊಟ್ಟರೆ ತಮ್ಮ ಕೆಲಸ ಆಯಿತು ಎನ್ನುವ ಪೈಕಿ. ಸಾಂಗ್ಲಿಯಲ್ಲಿ ಅವರದೊಂದು ಅಂಗಡಿ ಇತ್ತು. ಬಣ್ಣದ ಟಿವಿ, ಮಿಕ್ಸರು, ಬಟ್ಟೆ ಒಗೆಯುವ ಮಷೀನು. ಪೇಟೆ ಹೊಸ ಹೊಸ ಸಾಮಾನುಗಳಿಂದ ತುಂಬುತ್ತಿದ್ದ ಕಾಲ; ವ್ಯಾಪಾರ ಭರದಿಂದ ನಡೆದಿತ್ತು.

ಒಂದು ದಿನ ಅತ್ತೆ ಯಾರನ್ನೂ ಕೇಳದೆ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದರು. ಆ ಊರಿನ ಆಸ್ಪತ್ರೆಗಳಿಗೆ ಗಡಿಯ ಆಚೆಯಿಂದಲೂ ಮಂದಿ ಬರುತ್ತಾರಲ್ಲ, ಕಾಯುವ ಬೆಂಚಿನ ಮೇಲೆ ಎಲ್ಲ ಬಗೆಯ ಕನ್ನಡ ಕಿವಿಗೆ ಬೀಳುತ್ತಿತ್ತು. ಡಾಕ್ಟರು ಇನ್ನೂ ಎಳೆ ವಯಸ್ಸಿನವರು, ಸಾವಕಾಶವಾಗಿ ಕೇಳುವ ಮನುಷ್ಯ. ಪೇಶಂಟುಗಳ ಜೊತೆ ಮಾತಾಡಿ ಆಡಿ ಒಂದಿಷ್ಟು ಕನ್ನಡ ಕಲಿತಿದ್ದರು.

‘ನೋವು ಯಾವಾಗ ಜಾಸ್ತಿ?’ ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ‘ಮುಂಜಾನಿ ರಿ. ನೆಲಕ್ಕ ಕಾಲ ಊರೂತನಾ ಜೀವ ಕೈಯಾಗ ಇರತೈತಿ’ ಎಂದರು.

‘ಕೆಮ್ಮಿದರೆ, ಸೀನಿದರೆ?’

‘ಸೀನು ಬಂತಂದ್ರ ಮೊದಲ ಗ್ವಾಡಿ ಹುಡಕಬೇಕ್ರಿ.’

‘ಕುಳಿತರೆ?’

‘ಕುಂತ್ರ ಒಂದು ನೋವು, ಎದ್ರ ಒಂದು ನೋವು. ನಡದಾಡಿದ್ರ ಸ್ವಲ್ಪ ಬೇಸ. ಬಲಗಾಲಿನ ಹೆಬ್ಬಟ್ಟು ಮರಗಟ್ಟಿದಂಗ ಆಗತೈತಿ.’

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನ ಚೀಟಿ ನೋಡಿದರು, ನನ್ನನ್ನು ನೋಡಿದರು. ನನ್ನದು ಎಡಗಾಲು. ‘ಮಾವಶಿ, ನೋವು ಸೊಸೆಗೋ ನಿಮಗೋ?’ ಎಂದರು.

ಅತ್ತೆ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ನನಗೆ ಒಂದೇ ಸಲಕ್ಕೆ ಎಲ್ಲ ಕಣ್ಣ ಮುಂದೆ ಬಂತು. ಆ ಹೊರಳಿ ಏಳುವುದು, ಬಸದಿಯ ಕಂಬ, ವಡಾಪಿನ ಮುಂದಿನ ಸೀಟು, ದುಪ್ಪಟಿಯ ಸುರುಳಿ. ಎಷ್ಟು ವರ್ಷ ಒಂದೇ ಮನೆಯಲ್ಲಿದ್ದೆ! ಡಾಕ್ಟರು ಇಬ್ಬರನ್ನೂ ಮಲಗಿಸಿ, ಕಾಲು ಎತ್ತಿಸಿ, ಬಡಿದು ನೋಡಿದರು. ಆಪರೇಶನ್ ಬೇಕಾಗಿಲ್ಲ ಎಂದರು. ತೀರಾ ಹಿಡಿದಾಗ ಎರಡು ದಿನ ಮಲಗಿ, ಆಮೇಲೆ ನಡೆದಾಡಿ; ಈ ವ್ಯಾಯಾಮ ಬಿಡಬೇಡಿ; ಬಗ್ಗಿ ಭಾರ ಎತ್ತಬೇಡಿ; ಕುಕ್ಕರುಗಾಲಲ್ಲಿ ಕೂತು ಅಡುಗೆ ಮಾಡುವುದನ್ನು, ಬಟ್ಟೆ ಒಗೆಯುವುದನ್ನು ನಿಲ್ಲಿಸಿ. ಕಡೆಯ ಮಾತು ಕೇಳಿ ಅತ್ತೆ ನಕ್ಕರು. ‘ಅದೊಂದು ಬಿಟ್ಟು ಬ್ಯಾರೆ ಔಷಧ ಬರೀರಿ, ಡಾಕ್ಟರ.’

ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಾಗ ನಾನು ಕೇಳಿದೆ, ‘ಯಾವಾಗಿಂದ್ರಿ ಅತ್ತೀ?’

‘ನಿನ್ನ ಗಂಡ ಹೊಟ್ಟ್ಯಾಗ ಇದ್ದಾಗಿಂದ.’

‘ಮಾವಗ ಹೇಳಲಿಲ್ರ್ಯಾ?’

‘ಹೇಳಿದ್ರ ಹೆಸರ ಬೀಳತೈತಿ ಹೊರತು ನೋವು ಹೋಗತೈತೇನು? ಬ್ಯಾನಿ ಸೊಸಿ ಅನ್ನತಿದ್ರು. ಹಲ್ಲ ಕಚ್ಚಿ ಮಾಡಿಕೊಂಡ ಬಂದೆ.’ ಗ್ಲಾಸನ್ನು ಗಾಡಿಯ ಮೇಲೆ ಇಟ್ಟರು. ‘ನಂದು ತಡಕೊಂಡೆ. ನಿಂದು ನೋಡಾಕ ಆಗವಲ್ದು ನನಗ. ಮನ್ಯಾಗ ಹೇಳಬ್ಯಾಡ.’

ಅಂದಿನಿಂದ ದಿನಾ ಮುಂಜಾನೆ ಸ್ನಾನದ ನಂತರ ನಾವಿಬ್ಬರೂ ಒಳಕೋಣೆಯ ಬಾಗಿಲು ಹಾಕಿಕೊಂಡು ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೆವು. ಅಂಗಾತ ಮಲಗಿ ಸೊಂಟ ಎತ್ತಬೇಕು. ಅತ್ತೆಗೆ ಸೊಂಟಕ್ಕಿಂತ ಮೊದಲು ನಗು ಬರುತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ನನಗೆ ಅಳು ಬಂದ ದಿನ ಒಂದು ಮಾತು ಹೇಳಿದ್ದರು: ‘ನೋವಿನ ಕೂಡ ಜಗಳಾಡಬ್ಯಾಡವಾ. ಅದಕ್ಕೊಂದು ಮೂಲಿ ಕೊಟ್ಟು ಕುಂದರಸು. ಮನಿ ತುಂಬ ಓಡ್ಯಾಡಾಕ ಮಾತ್ರ ಬಿಡಬ್ಯಾಡ.’

ಆದರೂ ಸುಗ್ಗಿ ಮುಗಿಯುವ ಹೊತ್ತಿಗೆ ನನ್ನ ಬೆನ್ನು ಮತ್ತೆ ಹಿಡಿಯಿತು, ಹಿಂದೆಂದಿಗಿಂತ ಕೆಟ್ಟದಾಗಿ. ಅಕ್ಕಾ ಮಾವನವರ ಮುಂದೆ ಕುಳಿತು, ‘ತವರಮನಿಗೆ ಕಳಸು. ಪೂರಾ ಆರಾಮ ಆದ ಮ್ಯಾಲೆ ಬರಲಿ. ಇಲ್ಲಿ ಮಾಡವರ ಯಾರು?’ ಎಂದರು. ಪೂರ್ತಿ ವಾಸಿಯಾಗುವ ನೋವಲ್ಲ ಅದು ಎಂದು ನನಗೆ ಗೊತ್ತಿತ್ತು. ಹಾಗೆ ತವರಿಗೆ ಹೋಗಿ ವಾಪಸು ಬಾರದೇ ಉಳಿದವರೂ ನಮ್ಮ ಬಳಗದಲ್ಲಿದ್ದರು. ಮಾವನವರು ಸಲಗರೆಗೆ ಫೋನು ಮಾಡಿಸಿದರು. ಮರುದಿನ ಮಧ್ಯಾಹ್ನ ನನ್ನ ತಮ್ಮ ಜೀಪು ತೆಗೆದುಕೊಂಡು ಬಂದ. ಅತ್ತೆ ಬಸದಿಗೆ ಹೋಗಿದ್ದರು. ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದಲ್ಲೇ ನಾನು ಮಕ್ಕಳ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ.

ಅತ್ತೆ ಬಂದರು. ಜೀಪು ನೋಡಿದರು, ಚೀಲ ನೋಡಿದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು, ಎಲ್ಲರ ಎದುರಿಗೆ ನನ್ನ ಮಗ್ಗುಲಲ್ಲಿ ಮೆಲ್ಲಗೆ ಹೊರಳಿ ಅಂಗಾತ ಮಲಗಿಬಿಟ್ಟರು.

‘ತಮ್ಮಾ, ನಿನ್ನ ಜೀಪಿನ್ಯಾಗ ಇಬ್ಬರಿಗೆ ಜಾಗಾ ಐತೇನು?’ ಎಂದು ನನ್ನ ತಮ್ಮನನ್ನು ಕೇಳಿದರು.

ಅವನು ಕಕ್ಕಾಬಿಕ್ಕಿಯಾದ. ಮಾವನವರು ಕಟ್ಟೆಯಿಂದ ಎದ್ದು ಬಂದರು. ‘ಏನಾತು ನಿನಗ?’

‘ಆಕಿಗೆ ಆದದ್ದ ನನಗೂ ಆಗೇತಿ. ಬೆನ್ನು ನೋವು. ಆಕಿನ್ನ ಕಳಸೂದಾದ್ರ ನನ್ನೂ ಕಳಸ್ರಿ.’

‘ಇಷ್ಟ ದಿನಾ ಇಲ್ಲದ್ದು ಈಗ...’

‘ಇಷ್ಟ ದಿನಾನೂ ಇತ್ರಿ. ನಾ ಹೇಳಲಿಲ್ಲ, ನೀವ ಕೇಳಲಿಲ್ಲ. ಮಿರಜಿನ ಡಾಕ್ಟರನ್ನ ಕೇಳ್ರಿ ಬೇಕಾದ್ರ.’

ಬಿಸಿಲು ಅಂಗಳ ದಾಟಿ ಎದುರಿನ ಗೋಡೆ ಏರುತ್ತಿತ್ತು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಒಲೆ ಹೊತ್ತಿರಲಿಲ್ಲ, ಹಿಟ್ಟು ನಾದಿರಲಿಲ್ಲ. ಮಾವನವರು ಒಮ್ಮೆ ಗೋಡೆಯ ಮೇಲಿನ ಬಿಸಿಲನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಅತ್ತೆ ಮಾಡು ನೋಡುತ್ತ ಮಲಗಿದ್ದರು. ಅಷ್ಟರಲ್ಲಿ ನನ್ನ ಗಂಡ ಅಂಗಡಿಯಿಂದ ಬಂದು ಹೊಸಿಲಲ್ಲೇ ನಿಂತು, ‘ಆಯೀ, ಕಾಯ ಝಾಲಂ?’ ಎಂದು, ಏನಾಯಿತೆಂದು ಮರಾಠಿಯಲ್ಲಿ ಗಾಬರಿಯಿಂದ ಕೇಳಿದರು. ಅತ್ತೆ ಕನ್ನಡದಲ್ಲೇ ಉತ್ತರ ಕೊಟ್ಟರು: ‘ಊರ ಮಂದಿಗೆಲ್ಲ ಒಗಿಯೂ ಮಷೀನ ಮಾರತಿ. ನಿನ್ನ ಹೇಣತಿ ಹಿತ್ತಲದಾಗ ಬಗ್ಗಿ ಬಗ್ಗಿ ಒಗದು ಇಲ್ಲಿ ಬಿದ್ದಾಳ. ಅಂಗಡ್ಯಾಗ ಯಾರರ ಇದನ್ನ ಕೇಳಿದ್ರ ಏನ ಹೇಳತಿ?’

ಕಡೆಗೆ ಮಾವನವರೇ ಅಡುಗೆಮನೆಯ ಕಡೆ ನಡೆದರು. ಹಿಂದೆ ನನ್ನ ಗಂಡ, ಅವರ ಹಿಂದೆ ನನ್ನ ತಮ್ಮ. ರವೆ ಎಲ್ಲಿದೆ ಎಂದು ಒಬ್ಬರು ಕೂಗಿದರೆ ಉಪ್ಪು ಎಲ್ಲಿ ಎಂದು ಇನ್ನೊಬ್ಬರು. ಅತ್ತೆ ಮಲಗಿದಲ್ಲಿಂದಲೇ, ‘ಕಪಾಟಿನ ಎರಡನೇ ಫಳಿ ಮ್ಯಾಲೆ, ಬಗ್ಗಿ ನೋಡ್ರಿ’ ಎಂದರು. ಸೀದ ಉಪ್ಪಿಟ್ಟನ್ನು ಎಲ್ಲರೂ ಬಿಸಿಲು ಇರುವಾಗಲೇ ತಿಂದೆವು. ಮೂಲೆಯಲ್ಲಿ ಕುಳಿತಿದ್ದ ಅಕ್ಕಾ ಎದ್ದು ಒಳಗೆ ಹೋದರು. ತಮ್ಮ ತಲೆದಿಂಬು ತಂದು ಅತ್ತೆಯ ಮೊಣಕಾಲ ಕೆಳಗೆ ಇಟ್ಟು, ‘ಹಿಂಗ ಇಟ್ಟರ ಸ್ವಲ್ಪ ಹಗರ ಆಗತೈತಿ’ ಎಂದರು. ಅವರಿಗೆ ಅದು ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ. ತಮ್ಮ ಖಾಲಿ ಜೀಪು ತೆಗೆದುಕೊಂಡು ಸಲಗರೆಗೆ ಹೋದ.

ಮರುವಾರ ಗವಂಡಿ ಬಂದ. ಅಡುಗೆಮನೆಯಲ್ಲಿ ಕಡಪಾ ಕಲ್ಲು ಹಾಕಿ, ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿದ. ಹಿತ್ತಿಲಿಗೆ ಮಷೀನು ಬಂತು. ನಿಂತು ಬಡಿದ ರೊಟ್ಟಿ ರೊಟ್ಟಿಯೇ ಅಲ್ಲ ಎಂದು ಓಣಿಯವರು ಆಡಿಕೊಂಡರು. ಮೊದಮೊದಲು ನನ್ನ ರೊಟ್ಟಿ ನಿಜವಾಗಿಯೂ ದಪ್ಪಗಾಗುತ್ತಿತ್ತು. ಅತ್ತೆ ಮುರಿದು ಬಾಯಿಗಿಟ್ಟುಕೊಂಡು, ‘ನಡೀತೈತಿ’ ಎಂದರು.

ಅಲ್ಲಿಂದ ಅವರು ಮುಚ್ಚಿಡುವುದನ್ನು ಬಿಟ್ಟರು. ಸುತ್ತಲ ಹೊಲಗಳೆಲ್ಲ ಪ್ಲಾಟುಗಳಾಗಿ, ಊರು ಹೋಗಿ ಸಾಂಗ್ಲಿಗೆ ಅಂಟಿಕೊಳ್ಳುತ್ತಿತ್ತು. ಹೊಸ ಮನೆ ಕಟ್ಟಿಸುವ ಹೆಂಗಸರು ನಮ್ಮ ಕಟ್ಟೆ ನೋಡಲು ಬರುತ್ತಿದ್ದರು. ಅತ್ತೆ ಅವರ ಗಂಡಂದಿರ ಎದುರಿಗೇ, ‘ನಿನಗೆಲ್ಲಿ ನೋಯತೈತಿ? ಜೋರ ಹೇಳು, ಇವರಿಗೂ ಕೇಳಲಿ’ ಎನ್ನುತ್ತಿದ್ದರು. ನೋವು ಇಬ್ಬರನ್ನೂ ಪೂರ್ತಿ ಬಿಡಲಿಲ್ಲ. ಮಳೆಗಾಲಕ್ಕೊಮ್ಮೆ, ದೂರದ ಪ್ರಯಾಣದ ನಂತರ ಒಮ್ಮೆ ಬರುತ್ತಿತ್ತು. ಬಂದಾಗ ಅವರು ಮಲಗಿದರೆ ನಾನು ಶಾಖ ಕೊಡುತ್ತಿದ್ದೆ, ನಾನು ಮಲಗಿದರೆ ಅವರು. ಭಯ ಮಾತ್ರ ಹೋಗಿತ್ತು. ನಂಬುವವರು ಒಬ್ಬರಿದ್ದರೆ ನೋವು ಎಷ್ಟು ಸಣ್ಣದಾಗುತ್ತದೆ ಎಂಬುದು ನನಗೆ ತಿಳಿದದ್ದು ಅವರಿಂದ.

ಅವರು ಹೋದದ್ದು ಬೆನ್ನಿನಿಂದಲ್ಲ, ಎದೆಯ ತೊಂದರೆಯಿಂದ, ಒಂದು ಚಳಿಗಾಲದ ಮುಂಜಾನೆ. ಮನೆ ತುಂಬ ಮಂದಿ. ಹೆಂಗಸರು ಒಳಗಿನ ಕೋಣೆಯಲ್ಲಿ ಗೋಡೆಗುಂಟ ನೆಲದ ಮೇಲೆ ಕುಳಿತಿದ್ದರು. ಸತ್ತವರ ಮನೆಯ ಸೊಸೆ ಅವರ ನಡುವೆ ನೆಲದ ಮೇಲೆಯೇ ಕೂಡಬೇಕು. ಕುಳಿತಿದ್ದೆ. ಬಂದವರೆಲ್ಲ ಕೊರಳಿಗೆ ಬಿದ್ದು ಅಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಡಗಾಲಿಗೆ ನೋವು ಇಳಿಯತೊಡಗಿತು. ಅಂಥ ದಿನ ಅದನ್ನು ಯಾರಿಗೆ ಹೇಳುವುದು? ಹಲ್ಲು ಕಚ್ಚಿ ಕುಳಿತೆ.

ಆಗ ಬಾಗಿಲಲ್ಲಿ ಮಾವನವರು ಕಾಣಿಸಿಕೊಂಡರು. ಹೆಂಗಸರ ನಡುವೆ ಎಂದೂ ಕಾಲಿಟ್ಟವರಲ್ಲ. ಅಳು ತಟಕ್ಕನೆ ನಿಂತಿತು. ಕೈಯಲ್ಲಿ ಒಂದು ಕುರ್ಚಿ ಇತ್ತು. ಕುಳಿತವರನ್ನು ದಾಟಿಕೊಂಡು ಬಂದು ಅದನ್ನು ನನ್ನ ಪಕ್ಕದಲ್ಲಿ ಇಟ್ಟರು.

‘ಮ್ಯಾಲೆ ಕುಂದರವಾ,’ ಎಂದರು. ‘ನಿಮ್ಮತ್ತಿ ಹೋದ ವಾರ ಹೇಳಿದ್ಲು. ನಾ ಹೋದ ದಿನ ಆಕಿನ್ನ ಎಲ್ಲಾರೂ ನೆಲದ ಮ್ಯಾಲೆ ಕುಂದರಸತಾರ, ನೀವು ಕುರ್ಚಿ ಹಾಕ್ರಿ ಅಂತ.’

ನಾನು ಎಡಮಗ್ಗುಲಿಗೆ ಹೊರಳಿ, ಅಂಗೈ ಊರಿ ಎದ್ದೆ. ಎಲ್ಲರೂ ನೋಡುತ್ತಿದ್ದರು. ಕುರ್ಚಿಯ ಮೇಲೆ ಕುಳಿತ ಮೇಲೆಯೇ ನನಗೆ ನಿಜವಾದ ಅಳು ಬಂದದ್ದು.